ಐಸ್ ಬೆವರುವವರೆಗೆ ಒಂದು ಜಪಸರ

ಇವತ್ತು ಬೆಳಗ್ಗಿನಿಂದ ಆದ ಕೆಲಸಗಳು: ಕೋಳಿಗೂಡಿನ ಬಾಗಿಲು ತೆಗೆದದ್ದು. ಹನ್ನೊಂದು ಕೋಳಿಗಳಲ್ಲಿ ಹತ್ತೇ ಹೊರಬಂದದ್ದು. ಹನ್ನೊಂದನೆಯದು ಯಜಮಾನರ ಸ್ಕೂಟರಿನ ಸೀಟಿನ ಮೇಲೆ ಕೂತು ಮೊಟ್ಟೆ ಇಟ್ಟದ್ದನ್ನು ಅವರು ಕೂರುವುದಕ್ಕಿಂತ ಅರೆ ಗಳಿಗೆ ಮೊದಲು ನಾನು ಕಂಡದ್ದು. ಇಗರ್ಜಿಗೆ ಹೋಗಿ ಪೂಜೆ ಮುಗಿಸಿ ಬಂದದ್ದು. ಕುಚ್ಚಲಕ್ಕಿ ಗಂಜಿಗೆ ಇಟ್ಟದ್ದು. ರಬ್ಬರ್ ಶೀಟುಗಳನ್ನು ತಂತಿಯ ಮೇಲೆ ಹಾಕಿದ್ದು. ಪಕ್ಕದ ಮನೆಯ ಲೂಸಿಬಾಯಿಯ ಬಿಪಿ ನೋಡಿದ್ದು, ಅದು ಏರಿದ್ದಕ್ಕೆ ಅವರ ಸೊಸೆಯೇ ಕಾರಣ ಎಂಬುದನ್ನು ಮುಕ್ಕಾಲು ಗಂಟೆ ಕೇಳಿದ್ದು. ನನ್ನ ಎರಡೂ ಮೊಣಕಾಲುಗಳಿಗೆ ಎಣ್ಣೆ ತಿಕ್ಕಿದ್ದು.

ಈ ಮೊಣಕಾಲುಗಳ ದೆಸೆಯಿಂದಲೇ ನಾನು ಐವತ್ತಾರಕ್ಕೆ ಸ್ವಯಂ ನಿವೃತ್ತಿ ಪಡೆದು ಕೋಡಿಂಬಾಳದ ಮನೆಯಲ್ಲಿ ಕೂತಿದ್ದೇನೆ. ಅದಕ್ಕೆ ಮೊದಲು ಸುಳ್ಯದ ಕಡೆ, ಪುತ್ತೂರಿನ ಕಡೆ, ಕೊನೆಗೆ ಕಡಬದ ಕಡೆ ಆರೋಗ್ಯ ಸಹಾಯಕಿಯಾಗಿ ಮನೆ ಮನೆ ತಿರುಗಿದವಳು. ಹುದ್ದೆಯ ಹೆಸರನ್ನು ಸರಕಾರ ಮೂರು ಸಲ ಬದಲಾಯಿಸಿತು, ಊರವರು ಒಮ್ಮೆಯೂ ಬದಲಾಯಿಸಲಿಲ್ಲ. ಅವರಿಗೆ ನಾನು ಮೊದಲಿನಿಂದ ಕೊನೆಯವರೆಗೆ ‘ಸಿಸ್ಟರ್’.

ಈಗ ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗಿಯರು ಫೋನ್ ಮಾಡಿ, “ಅಕ್ಕಾ, ಇದರಲ್ಲಿ ಕಷ್ಟದ್ದು ಯಾವುದು? ರಿಪೋರ್ಟಾ, ನಡೆಯುದಾ?” ಎಂದು ಕೇಳುತ್ತಾರೆ. ಎರಡೂ ಅಲ್ಲ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಶಾಲು ಈಗ ಇಸ್ತ್ರಿ ಮೇಜಿನ ಮೇಲೆ ಹಾಸಿದೆ, ಚೆನ್ನಾಗಿ ಬಾಳಿಕೆ ಬರುತ್ತಿದೆ.

ನನ್ನ ಮೊದಲ ಮೇಲಧಿಕಾರಿ ಕಮಲಕ್ಕ. ಮರ್ಕಂಜದ ಕಡೆ ನಾನು ಕೆಲಸಕ್ಕೆ ಸೇರಿದಾಗ ಅವರು ಹಿರಿಯ ಆರೋಗ್ಯ ಸಹಾಯಕಿ. ಹಣೆಯಲ್ಲಿ ನಾಲ್ಕಾಣೆ ಅಗಲದ ಕುಂಕುಮ, ಕೈಯಲ್ಲಿ ಗಂಡಸರ ಕೊಡೆ. ಆಗ ನಾವು ಭೇಟಿ ಕೊಟ್ಟ ಮನೆಗಳನ್ನು ದಿನಚರಿಯಲ್ಲಿ ಬರೆಯಬೇಕಿತ್ತು. ಒಂದು ಜಡಿಮಳೆಯ ದಿನ ತೋಡು ದಾಟಿ ಗುಡ್ಡದ ಮೇಲಿನ ಯಶೋದಾ ಎಂಬ ಬಸುರಿಯ ಮನೆಗೆ ಹೋಗಬೇಕಾಗಿತ್ತು. ಆ ದಾರಿಯ ಜಿಗಣೆಗಳಿಗೆ ನನ್ನ ರಕ್ತದ ಗುಂಪು ಸಹ ಗೊತ್ತಿತ್ತು. ನಾನು ಹೋಗಲಿಲ್ಲ. ಒಣಗಿದ ಬಟ್ಟೆ ಉಟ್ಟು ಬೆಚ್ಚಗೆ ಕೂತು, ‘ಯಶೋದಾ, ಎಂಟು ತಿಂಗಳು, ಮುಟ್ಟಿ ನೋಡಿದೆ, ಮಗುವಿನ ಚಲನೆ ಚೆನ್ನಾಗಿದೆ’ ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ.

ಯಶೋದಾ ಅದಕ್ಕೆ ಮೂರು ದಿನ ಮೊದಲೇ ಪುತ್ತೂರಿನಲ್ಲಿ ಹೆತ್ತಿದ್ದಳು.

ಕಮಲಕ್ಕ ದಿನಚರಿಯನ್ನು ಓದಿ ಕನ್ನಡಕ ತೆಗೆದರು. “ಹೊಟ್ಟೆಯೊಳಗೆ ಇಲ್ಲದ ಮಗುವನ್ನು ನೀನು ಮುಟ್ಟಿ ನೋಡಿದ್ದು ಹೇಗೆ ಮಾರಾಯ್ತಿ? ನಿನ್ನ ಕೈ ಪುತ್ತೂರಿನವರೆಗೆ ಉದ್ದ ಉಂಟಾ?”

ನಾನು ಉಗುರು ನೋಡಿಕೊಂಡು ನಿಂತೆ.

“ನೀನು ಇಗರ್ಜಿಗೆ ಹೋಗುವವಳಲ್ವಾ?”

“ಹೌದಕ್ಕ.”

“ಪ್ರತಿ ಭಾನುವಾರ?”

“ತಪ್ಪಿಸುದೇ ಇಲ್ಲ.”

“ಮತ್ತೆ ಸೋಮವಾರ ನಿನ್ನ ದೇವರಿಗೆ ರಜೆಯಾ?”

ಸಿಟ್ಟು ಬಂತು. ಹಿಂದೂ ಹೆಂಗಸೊಬ್ಬಳು ನನಗೆ ನನ್ನ ಧರ್ಮ ಹೇಳಿಕೊಡುವುದೇ ಎಂದು ಬಸ್ಸಿನ ದಾರಿಯುದ್ದಕ್ಕೂ ಗೊಣಗಿದೆ. ಮರುದಿನ ಗುಡ್ಡ ಹತ್ತಿದೆ. ಬಾಣಂತಿ ತವರಿಗೆ ಹೋಗದೆ ಅಲ್ಲಿಗೇ ಬಂದಿದ್ದಳು. ನನ್ನ ಸುದ್ದಿ ನನಗಿಂತ ಮೊದಲು ಗುಡ್ಡ ಹತ್ತಿ ಆಗಿತ್ತು. ಯಶೋದಾ ಮಗುವನ್ನು ನನ್ನ ಮಡಿಲಿಗೆ ಹಾಕಿ, “ತಗೊಳ್ಳಿ ಸಿಸ್ಟ್ರೆ, ನೀವು ಮುಟ್ಟಿ ನೋಡಿದ ಮಗು. ಚಲನೆ ಈಗಲೂ ಚೆನ್ನಾಗಿ ಉಂಟು,” ಎಂದಳು. ಅದು ಕೂಡಲೇ ನನ್ನ ಸೀರೆ ಒದ್ದೆ ಮಾಡಿತು. ಅತ್ತೆ, ಸೊಸೆ, ನಾನು, ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ಕಾಲಿನಿಂದ ಜಿಗಣೆ ಕೀಳುವಾಗಲೂ ನಕ್ಕೆವು.

ಕಮಲಕ್ಕ ಆಮೇಲೊಂದು ಮಾತು ಹೇಳಿದ್ದರು. ದೇವರನ್ನು ಬಾಯಲ್ಲಿ ಇಟ್ಟುಕೊಂಡು ಮನೆಗಳಿಗೆ ಹೋಗಬೇಡ, ಕೈಯಲ್ಲಿ ಇಟ್ಟುಕೊಂಡು ಹೋಗು, ಕೈ ತೊಳೆಯುವಾಗ ಸಹ ಅವನು ಅಲ್ಲೇ ಇರಲಿ ಎಂದು. ಫಾದರ್ ಪ್ರಸಂಗದಲ್ಲಿ ಇದನ್ನೇ ವರ್ಷಗಟ್ಟಲೆ ಹೇಳಿದ್ದಿರಬೇಕು. ನಾನು ಬೆಂಚಿನಲ್ಲಿ ಕೂತು ಮೀನಿನ ಸಾರಿನ ಯೋಚನೆ ಮಾಡುತ್ತಿದ್ದೆ.

ಧರ್ಮವನ್ನು ಕೆಲಸದೊಳಗೆ ತರಲು ಹೋಗಿ ಮಾಡಿಕೊಂಡ ಎಡವಟ್ಟುಗಳೂ ಕಡಿಮೆಯಲ್ಲ. ಒಂದು ವರ್ಷ ತಪಸ್ಸುಕಾಲದಲ್ಲಿ, ಎಂದರೆ ಈಸ್ಟರಿಗೆ ಮೊದಲಿನ ನಲವತ್ತು ದಿನ, ಚಾ ಬಿಡುವುದೆಂದು ಹರಕೆ ಹೇಳಿಕೊಂಡೆ. ಚಾ ನನ್ನ ಪ್ರಾಣ. ಮೊದಲ ದಿನ ಹದಿನಾಲ್ಕು ಮನೆಗಳಲ್ಲಿ ಬೇಡ ಎಂದೆ. ವಾರ ಕಳೆಯುವುದರೊಳಗೆ ಒಕ್ಕಲಿಗರ ಮನೆಯ ದೇವಕಿಯಕ್ಕ ದಾರಿಯಲ್ಲಿ ಅಡ್ಡ ನಿಂತರು.

“ಎಂತ ಸಿಸ್ಟ್ರೆ, ಹೋದ ತಿಂಗಳಿನವರೆಗೆ ನಮ್ಮ ಮನೆ ಚಾ ಆಗ್ತಿತ್ತು. ಈಗ ಎಂತ ಆಯ್ತು? ನಮ್ಮ ಲೋಟದಲ್ಲಿ ಹುಳ ಬಿದ್ದಿದೆಯಾ?”

ಹರಕೆಯ ವಿಷಯ ಹೇಳಿದರೆ ಜಂಬ ಕೊಚ್ಚಿದ ಹಾಗೆ, ಹೇಳದಿದ್ದರೆ ಜಂಬ ಮಾಡಿದ ಹಾಗೆ. ಫಾದರರ ಬಳಿ ಹೋಗಿ ಹೇಳಿಕೊಂಡೆ. ಅವರು, “ಚಾ ಕುಡಿಯಿರಿ. ಬದಲಿಗೆ ಮುಖ ಸಿಂಡರಿಸುವುದನ್ನು ಬಿಡಿ,” ಎಂದರು. ಆ ತಪಸ್ಸುಕಾಲದ ಉಳಿದ ದಿನಗಳಲ್ಲಿ ಎಲ್ಲರ ಮನಸ್ಸು ಗೆಲ್ಲಲು ಹೋಗಿ ದಿನಕ್ಕೆ ಹತ್ತೊಂಬತ್ತು ಚಾ ಕುಡಿದದ್ದುಂಟು. ಇಡೀ ದಿನ ಗುಡ್ಡದಿಂದ ಗುಡ್ಡಕ್ಕೆ ನಡೆಯುವ ಹೆಂಗಸಿಗೆ ಹತ್ತೊಂಬತ್ತು ಚಾ ಎಂದರೆ ಎಂಥ ಕಠಿಣ ತಪಸ್ಸು ಎಂಬುದು ಪಾಪ, ಫಾದರರಿಗೆ ಗೊತ್ತಿರಲಿಲ್ಲ.

ಅರಂತೋಡಿನ ಬಾಲಣ್ಣ ಗೌಡರ ಕಥೆ ಹೇಳದಿದ್ದರೆ ಅವರೇ ಬಂದು ಬೈದಾರು. ಕಾಡುಹಂದಿಯನ್ನು ಬರಿ ದೊಣ್ಣೆಯಲ್ಲಿ ಓಡಿಸಿದ ಮನುಷ್ಯ. ಕಾಲಿಗೆ ಕತ್ತಿ ತಾಗಿ ಧನುರ್ವಾಯು ಇಂಜೆಕ್ಷನ್ ಕೊಡಬೇಕಾಯಿತು. ನಾನು ಹತ್ತಿಯನ್ನು ಸ್ಪಿರಿಟಿಗೆ ಅದ್ದಿದೆ ಅಷ್ಟೆ, ಗೌಡರು ದಿಮ್ಮಿಯ ಹಾಗೆ ನನ್ನ ಮೇಲೆಯೇ ಉರುಳಿದರು. ನಾನು ಹಿಂದಿದ್ದ ಸೌತೆಕಾಯಿಯ ಬುಟ್ಟಿಯ ಮೇಲೆ. ಅವರ ಹೆಂಡತಿ ಮೇಲಿನಿಂದ ನೋಡಿ, “ಈಗಲೇ ಕೊಟ್ಟುಬಿಡಿ ಸಿಸ್ಟ್ರೆ, ಎದ್ದರೆ ಮತ್ತೆ ಆಗುದಿಲ್ಲ!” ಎಂದರು.

ಅದೇ ಸುಲಭ. ಆದರೆ ಎಚ್ಚರ ತಪ್ಪಿದವರಿಗೆ ಕದ್ದು ಚುಚ್ಚಲು ಮನಸ್ಸು ಬರಲಿಲ್ಲ. ನೀರು ಚಿಮುಕಿಸಿ ಎಬ್ಬಿಸಿದೆ.

“ಕೊಟ್ಟಾಯ್ತಾ?” ಗೌಡರು ಆಸೆಯಿಂದ ಕೇಳಿದರು.

“ಇಲ್ಲ ಗೌಡ್ರೆ. ಈಗ ಕೊಡುದು. ಕೊಡ್ಲಾ?”

“ಹೂಂ,” ಎಂದವರೇ ಮತ್ತೆ ನನ್ನ ಮೇಲೆಯೇ ಉರುಳಿದರು. ಈ ಸಲ ಒಪ್ಪಿಗೆ ಸಿಕ್ಕಿತ್ತಲ್ಲ, ಬುಟ್ಟಿಯ ಮೇಲಿನಿಂದ ಏಳುವ ಮೊದಲೇ ಕೊಟ್ಟೆ.

ಇಷ್ಟರ ನಡುವೆ ಕೆಲಸದ ರೀತಿ ಎಷ್ಟು ಬದಲಾಯಿತು! ನಾನು ಸೇರಿದಾಗ ಗಾಜಿನ ಸಿರಿಂಜು, ಸೀಮೆಎಣ್ಣೆಯ ಸ್ಟೌವಿನ ಮೇಲೆ ಪಾತ್ರೆ, ಇಪ್ಪತ್ತು ನಿಮಿಷ ಕುದಿಸುವುದು. ಅಂಗನವಾಡಿಯ ಮಕ್ಕಳು ಗಂಜಿ ಬೇಯುತ್ತಿದೆ ಎಂದು ಬಟ್ಟಲು ಹಿಡಿದು ಬರುತ್ತಿದ್ದವು. ಆಮೇಲೆ ಒಮ್ಮೆ ಬಳಸಿ ಬಿಸಾಡುವ ಸಿರಿಂಜು ಬಂತು. ಹನ್ನೆರಡು ರಿಜಿಸ್ಟರುಗಳು ಹೋಗಿ ಒಂದು ಟ್ಯಾಬ್ ಬಂತು. ಟ್ಯಾಬಿಗೆ ನೆಟ್‌ವರ್ಕ್ ಬೇಕು, ನೆಟ್‌ವರ್ಕಿಗೆ ಶಾಲೆಯ ಹಿಂದಿನ ಒಂದು ಬಂಡೆ ಹತ್ತಬೇಕು. ಕೊನೆಯ ವರ್ಷಗಳಲ್ಲಿ ಆಶಾ ಕಾರ್ಯಕರ್ತೆ ಭವಾನಿ ನನ್ನನ್ನು ಹಿಂದಿನಿಂದ ತಳ್ಳಿ ಆ ಬಂಡೆ ಹತ್ತಿಸುತ್ತಿದ್ದಳು.

ಬದಲಾಗದೆ ಉಳಿದದ್ದು ಐಸ್. ಲಸಿಕೆಯನ್ನು ನೀಲಿ ಡಬ್ಬದಲ್ಲಿ ಒಯ್ಯುತ್ತೇವಲ್ಲ, ಅದರ ನಾಲ್ಕು ಬದಿಗಳಿಗೆ ನಾಲ್ಕು ಐಸ್ ಪ್ಯಾಕ್. ಫ್ರೀಜರಿನಿಂದ ತೆಗೆದ ಕೂಡಲೇ ಡಬ್ಬಕ್ಕೆ ತುಂಬುವಂತಿಲ್ಲ. ಮೇಜಿನ ಮೇಲೆ ಸಾಲಾಗಿ ಇಟ್ಟು ಕಾಯಬೇಕು. ಹೊರಮೈ ಬೆವರಬೇಕು, ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು. ಅವಸರ ಮಾಡಿದರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಶಕ್ತಿ ಕಳೆದುಕೊಳ್ಳುತ್ತವೆ. ಲಸಿಕೆ ಬಿಸಿಯಾದರೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ತಂಪು ಹೆಚ್ಚಾದರೂ ಕೆಡುತ್ತದೆ ಎಂಬುದು ಯಾರ ತಲೆಗೂ ಬೇಗ ಹೋಗುವುದಿಲ್ಲ.

ಈ ಕಾಯುವ ಹೊತ್ತನ್ನು ನಾನು ಹಾಳು ಮಾಡುತ್ತಿರಲಿಲ್ಲ. ಏಪ್ರನ್ ಜೇಬಿನಿಂದ ಜಪಸರ ತೆಗೆದು ಮೇಜಿನ ಪಕ್ಕ ಕೂರುತ್ತಿದ್ದೆ. ಹತ್ತು ಹತ್ತು ಮಣಿಗಳ ಐದು ‘ಹತ್ತು’ಗಳನ್ನು ನಿಧಾನವಾಗಿ ಹೇಳಿ ಮುಗಿಸುವುದಕ್ಕೂ ಐಸ್ ಬೆವರುವುದಕ್ಕೂ ಸರಿಹೋಗುತ್ತಿತ್ತು. ವರ್ಷಗಟ್ಟಲೆ ಸರಿಹೋಯಿತು. ಎಷ್ಟು ಸರಿಹೋಯಿತೆಂದರೆ ನಾನು ಅಲ್ಲಾಡಿಸಿ ನೋಡುವುದನ್ನೇ ಬಿಟ್ಟೆ. ಕೊನೆಯ ಮಣಿ ಮುಗಿಯಿತೋ, ಶಿಲುಬೆಯ ಗುರುತು, ಡಬ್ಬಕ್ಕೆ ಐಸ್. ಹುಡುಗಿಯರೇ, ಈ ಸಾಲನ್ನು ಗುರುತು ಹಾಕಿಟ್ಟುಕೊಳ್ಳಿ.

ಈಗ ಐಸಮ್ಮನ ವಿಷಯ. ಕಡಬದ ಕಡೆ ನನ್ನ ಕೊನೆಯ ಉಪಕೇಂದ್ರದ ವ್ಯಾಪ್ತಿಯಲ್ಲಿದ್ದ ಬ್ಯಾರಿ ಮುಸ್ಲಿಮರ ಮನೆಯ ಯಜಮಾನಿ. ಮಗ ಗಲ್ಫಿನಲ್ಲಿ. ಮನೆಯಲ್ಲಿ ಸೊಸೆ ನಸೀಮಾ, ಮೂವರು ಮೊಮ್ಮಕ್ಕಳು. ಐದು ವರ್ಷದ ಮತ್ತು ಮೂರು ವರ್ಷದ ಹುಡುಗರಿಬ್ಬರಿಗೆ ಒಂದೂ ಲಸಿಕೆ ಆಗಿರಲಿಲ್ಲ. ಬೇಡ ಎನ್ನುವವರು ಎಲ್ಲ ಜಾತಿಯಲ್ಲೂ ಇದ್ದರು. ನಮ್ಮ ಲೂಸಿಬಾಯಿಯೇ ತೀರ್ಥದ ನೀರು ಸಾಕೆಂದು ಮೊಮ್ಮಗನನ್ನು ಅಟ್ಟದಲ್ಲಿ ಅಡಗಿಸಿಟ್ಟವರು. ಆದರೆ ಐಸಮ್ಮನ ಕಾರಣ ಬೇರೆ. ಎಷ್ಟೋ ಹಿಂದೆ ಯಾರೋ ಒಬ್ಬರು ಅವರ ಮಗನಿಗೆ ಚುಚ್ಚಿ, ಎಂತದೂ ಆಗುದಿಲ್ಲ ಎಂದು ಹೇಳಿ ಹೋಗಿದ್ದರಂತೆ. ಮಗುವಿಗೆ ಕೆಂಡದಂಥ ಜ್ವರ ಬಂತು, ತೊಡೆ ಬಾತಿತು.

“ಜ್ವರಕ್ಕೆ ನನಗೆ ಸಿಟ್ಟಿಲ್ಲ,” ಎಂದು ಐಸಮ್ಮ ನನ್ನನ್ನು ಗೇಟಿನಲ್ಲೇ ನಿಲ್ಲಿಸಿ ಹೇಳಿದ್ದರು. “ಜ್ವರ ಬರ್ತದೆ ಅಂತ ಹೇಳಿದ್ದರೆ ನಾನು ಒದ್ದೆ ಬಟ್ಟೆ ಹಿಡಿದು ಕೂರ್ತಿದ್ದೆ. ಸುಳ್ಳು ಹೇಳಿದವರ ಸೂಜಿ ಈ ಮನೆಗೆ ಬೇಡ.”

ನಾನು ಎರಡು ವರ್ಷ ಆ ಗೇಟಿಗೆ ಹೋದೆ. ಗೇಟಿನಿಂದ ಜಗಲಿಗೆ, ಜಗಲಿಯಿಂದ ಚಾವಡಿಗೆ ಬರಲು ಅಷ್ಟು ದಿನ ಹಿಡಿಯಿತು. ಮೂರನೆಯ ಮಗು ರಿಫಾ ಹುಟ್ಟಿದ ಮೇಲೆ ಒಂದು ದಿನ ಅವರು ನೇರವಾಗಿ ಕೇಳಿದರು: “ನೋವಾಗ್ತದಾ?”

“ಆಗ್ತದೆ ಉಮ್ಮ. ಜ್ವರ ಬರಬಹುದು, ತೊಡೆ ಬಾಯಬಹುದು. ಒಂದು ರಾತ್ರಿ ನಿಮಗೆ ನಿದ್ದೆ ಇರ್ಲಿಕ್ಕಿಲ್ಲ. ಆಮೇಲೆ ಐದು ರೋಗಗಳ ಹೆದರಿಕೆ ಕಡಿಮೆ.”

ಐಸಮ್ಮ ಎಲೆಯಡಿಕೆ ತಟ್ಟೆ ಬದಿಗೆ ಸರಿಸಿದರು. “ನೀವು ಸುಳ್ಳು ಹೇಳುದಿಲ್ಲ. ಇವಳಿಗೆ ಕೊಡಿ. ಇವಳದ್ದು ನೋಡಿ ಆಮೇಲೆ ಹುಡುಗರದ್ದು ನೋಡುವ.”

ಲಸಿಕೆಯ ಗುರುವಾರ ಬಂದದ್ದು ಜನವರಿಯ ಚಳಿಯಲ್ಲಿ. ಅವತ್ತೇ ಸಂಜೆ ನನ್ನ ಅಕ್ಕನ ಮಗಳ ರೋಸ್. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ ಅದು. ಮೂವತ್ತು ತೆಂಗಿನಕಾಯಿಯ ಹಾಲು ತೆಗೆಸುವ ಉಸ್ತುವಾರಿ ನನ್ನದು. ಬೆಳಗ್ಗೆ ಐಸ್ ಪ್ಯಾಕ್ ಸಾಲಾಗಿಟ್ಟು ಜಪಸರ ಹಿಡಿದೆ. ನಾಲಿಗೆ ನಮೋ ಮರಿಯೆ ಎನ್ನುತ್ತಿತ್ತು, ತಲೆ ತೆಂಗಿನಕಾಯಿಯ ಹಿಂದೆ ಓಡುತ್ತಿತ್ತು. ಎರಡನೆಯ ಹತ್ತರಲ್ಲಿ ತುರಿಮಣೆ ಎರಡು ಸಾಕೋ ಮೂರು ಬೇಕೋ. ನಾಲ್ಕನೆಯದರಲ್ಲಿ ನನ್ನ ರವಿಕೆಗೆ ಟೈಲರ್ ಗುಂಡಿ ಇಟ್ಟಿದ್ದಾನೋ ಇಲ್ಲವೋ. ಒಂಬತ್ತು ನಿಮಿಷದಲ್ಲಿ ಐವತ್ತು ಮಣಿಗಳೂ ಖತಂ. ಶಿಲುಬೆಯ ಗುರುತು, ಡಬ್ಬಕ್ಕೆ ಐಸ್.

ಏಳು ಮಕ್ಕಳಿಗೆ ಐದು ರೋಗಗಳ ಲಸಿಕೆ ಕೊಟ್ಟೆ. ಏಳನೆಯದು ರಿಫಾ. ಐಸಮ್ಮ ಅವಳ ಕಾಲು ಹಿಡಿದುಕೊಂಡಿದ್ದರು, ತನ್ನ ಕಣ್ಣು ಮುಚ್ಚಿಕೊಂಡಿದ್ದರು.

ಮಧ್ಯಾಹ್ನ ಉಳಿದ ಲಸಿಕೆ ವಾಪಸು ಇಡುವಾಗ ತೆರೆಯದ ಒಂದು ಪುಟ್ಟ ಸೀಸೆ ಕಣ್ಣಿಗೆ ಬಿತ್ತು. ಅಕ್ಕಿ ತೊಳೆದ ನೀರಿನ ಹಾಗೆ ಒಂದೇ ಸಮ ಇರಬೇಕಾದದ್ದು ಒಡೆದ ಹಾಲಿನ ಹಾಗೆ ಚೂರು ಚೂರಾಗಿ ಕೆಳಗೆ ಕೂತಿತ್ತು. ಐಸ್ ಪ್ಯಾಕನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಅಷ್ಟು ಹೊತ್ತಾದ ಮೇಲೂ ನಡುವೆ ಕಲ್ಲಿನಂಥ ಗಟ್ಟಿ. ಸೀಸೆಯನ್ನು ಅವತ್ತೇ ಆರೋಗ್ಯ ಕೇಂದ್ರದ ಡಾಕ್ಟರರ ಮುಂದಿಟ್ಟೆ.

ಸಂಜೆ ರೋಸಿನಲ್ಲಿ ಎಲ್ಲರೂ ಹಾಡಿ ಕುಣಿದು ಮದುಮಗಳ ತಲೆಗೆ ತೆಂಗಿನಹಾಲು ಸುರಿಯುತ್ತಿದ್ದರೆ ನಾನು ಬೋಗುಣಿಯೊಳಗೆ ಇಣುಕಿ, ಹಾಲು ತಳದಲ್ಲಿ ಕೂರುತ್ತದೋ ಎಂದು ಅಲ್ಲಾಡಿಸಿ ನೋಡುತ್ತಿದ್ದೆ. ಅಕ್ಕ, “ಎಂತ ಹುಡುಕ್ತಿ? ಬಂಗಾರ ಬಿತ್ತಾ?” ಎಂದು ಬೋಗುಣಿ ಕಿತ್ತುಕೊಂಡಳು.

ಮದುವೆ ಮುಗಿದ ಮರುದಿನ ಡಾಕ್ಟರು ಪರೀಕ್ಷೆ ಮಾಡಿಸಿದರು. ಬೇಕೆಂದೇ ಹೆಪ್ಪುಗಟ್ಟಿಸಿದ ಒಂದು ಸೀಸೆಯನ್ನೂ ನಮ್ಮ ಸೀಸೆಯನ್ನೂ ಒಟ್ಟಿಗೆ ಅಲ್ಲಾಡಿಸಿ ಪಕ್ಕಪಕ್ಕ ಇಟ್ಟರು. ಎರಡೂ ಅವಳಿಜವಳಿಗಳಂತೆ ಒಟ್ಟಿಗೆ ತಳಕ್ಕಿಳಿದವು. ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮೇಲಿನವರಿಗೆ ವರದಿ ಬರೆದರು, ಕೇಳಿ ತಿಳಿದುಕೊಂಡರು. ಮಕ್ಕಳಿಗೆ ಅಪಾಯ ಇಲ್ಲ, ಆದರೆ ಕೊಟ್ಟದ್ದು ಲೆಕ್ಕಕ್ಕಿಲ್ಲ, ಏಳು ಮಕ್ಕಳಿಗೂ ಮತ್ತೊಮ್ಮೆ ಕೊಡಬೇಕು. ನನಗೆ ಒಂದು ಮೆಮೊ ಬಂತು. ಅದು ಬರಬೇಕಾದದ್ದೇ.

“ತಾಯಂದಿರಿಗೆ ಇನ್ನೊಂದು ಡೋಸ್ ಉಂಟು ಅಂತ ಹೇಳಿ ಸಾಕು ಸಿಸ್ಟರ್,” ಎಂದರು ಡಾಕ್ಟರು. “ಪೂರಾ ಕಥೆ ಎಂತಕ್ಕೆ? ಹೆದರಿಕೊಂಡು ಯಾರೂ ಬಾರದಿದ್ದರೆ?”

ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ಐಸಮ್ಮನ ಬಳಿ ಹೋಗಿ ನಾನು ಕೆಟ್ಟುಹೋದ ಮದ್ದು ಚುಚ್ಚಿದೆ ಎಂದರೆ ಗೇಟು ಮುಚ್ಚುತ್ತದೆ. ರಿಫಾಳ ಲಸಿಕೆ ಅರ್ಧಕ್ಕೆ ನಿಲ್ಲುತ್ತದೆ, ಹುಡುಗರಿಬ್ಬರದು ಶುರುವೇ ಆಗುವುದಿಲ್ಲ. ಮಕ್ಕಳ ಒಳ್ಳೆಯದಕ್ಕಾಗಿ ಒಂದು ಸಣ್ಣ ಸುಳ್ಳು. ಆ ರಾತ್ರಿ ಯಜಮಾನರು ವಲೇರಿಯನ್ನರಿಗೆ ಹೇಳಿದೆ. ಅವರು ಹೆಚ್ಚು ಮಾತಿನವರಲ್ಲ. “ನಿನ್ನ ದಿನಚರಿಯಲ್ಲಿ ಅವತ್ತು ಮುಟ್ಟಿ ನೋಡಿದ ಮಗುವಿಗೆ ಈಗ ವಯಸ್ಸೆಷ್ಟು?” ಎಂದು ಕೇಳಿ ಮಗ್ಗುಲಾದರು.

ಏಳು ಮನೆಗೂ ಹೋದೆ. ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಒಂದು ಮನೆಯಲ್ಲಿ, “ಪರವಾಗಿಲ್ಲ ಸಿಸ್ಟ್ರೆ, ಮೊನ್ನೆ ನಮ್ಮ ಫ್ರಿಡ್ಜಿನಲ್ಲಿ ಮಜ್ಜಿಗೆ ಸಹ ಕಲ್ಲಾಗಿತ್ತು,” ಎಂದರು. ಇನ್ನೊಂದರಲ್ಲಿ ಮಗುವಿನ ಅಪ್ಪ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಬೈದ ರಭಸಕ್ಕೆ ಅವನ ನಾಯಿಯೇ ಬಾಲ ಮಡಚಿ ಒಳಗೆ ಹೋಯಿತು. ಬೈದದ್ದು ಸರಿಯೇ. ನಮ್ಮ ಇಗರ್ಜಿಯ ಒಂದು ಮನೆಯಲ್ಲಿ ಮಾತ್ರ ಜಪಸರದ ವಿಷಯವನ್ನೂ ಹೇಳಿದ್ದೆ, ಅವರು ಎಲ್ಲ ಕೇಳಿ ತುಂಬ ಸಮಾಧಾನ ಹೇಳಿದರು. ಭಾನುವಾರ ಪೂಜೆ ಮುಗಿಯುವಾಗ ಜೆಸಿಂತಾ, ಎಂದರೆ ನಾನು, ಒಂಬತ್ತು ನಿಮಿಷದಲ್ಲಿ ಜಪಸರ ಹೇಳಿದ ಸುದ್ದಿ ಕೊನೆಯ ಬೆಂಚಿನವರೆಗೆ ತಲುಪಿತ್ತು. ಲೂಸಿಬಾಯಿ ಮೆಟ್ಟಿಲಿನಲ್ಲಿ ಹಿಡಿದು, “ನನಗೂ ಹೇಳಿಕೊಡು ಮಾರಾಯ್ತಿ, ನನಗೆ ಅರ್ಧ ಗಂಟೆ ಬೇಕಾಗ್ತದೆ,” ಎಂದರು.

ಐಸಮ್ಮನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ, ಹೇಡಿತನಕ್ಕೆ. ಅವರು ಚಾವಡಿಯಲ್ಲಿ ಕಾಲು ಚಾಚಿ ಕೂತು ಮಣಿಸರ ಎಣಿಸುತ್ತಿದ್ದರು. ರಿಫಾ ಅವರ ಕಾಲ ಮೇಲೆ ಅಂಗಾತ ಬಿದ್ದು ಕೈಕಾಲು ಆಡಿಸುತ್ತಿದ್ದಳು. ನಾನು ಕೂರದೆ ನಿಂತೇ ಹೇಳಿದೆ. ಐಸಿನ ವಿಷಯ, ಬೆವರುವ ವಿಷಯ, ಹೆಪ್ಪುಗಟ್ಟಿದ ವಿಷಯ.

ಐಸಮ್ಮನ ಬೆರಳು ಮಣಿಯ ಮೇಲೆ ನಿಂತಿತು. “ಇವಳಿಗೆ ಎಂತಾದರೂ ಆಗ್ತದಾ?”

“ಇಲ್ಲ ಉಮ್ಮ. ಆದರೆ ಚುಚ್ಚಿಸಿಕೊಂಡದ್ದು ದಂಡ. ಮತ್ತೆ ಕೊಡಬೇಕು.”

“ಮತ್ತೆ ಅಳ್ತಾಳೆ.”

“ಅಳ್ತಾಳೆ.”

“ಮತ್ತೆ ಜ್ವರ.”

“ಬರಬಹುದು.”

ಸೊಸೆ ನಸೀಮಾ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು. ಐಸಮ್ಮ ನನ್ನನ್ನೇ ನೋಡುತ್ತಾ ಕೇಳಿದರು: “ಇಷ್ಟು ವರ್ಷದ ಸರ್ವೀಸು. ಅವತ್ತು ಮಾತ್ರ ಯಾಕೆ ತಪ್ಪಿತು?”

ಅದನ್ನು ಇಲ್ಲಿ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. “ನಾನು ಗಡಿಯಾರ ನೋಡುದಿಲ್ಲ ಉಮ್ಮ. ಮಣಿ ಎಣಿಸುದು. ಅವತ್ತು ಮನೆಯಲ್ಲಿ ಮದುವೆ ಗೌಜಿ. ಬೇಗ ಬೇಗ ಎಣಿಸಿಬಿಟ್ಟೆ.”

“ಓಡಿಸಿದ್ದಾ?”

“ಓಡಿಸಿದ್ದು.”

ಐಸಮ್ಮನ ಮುಖ ಏನೇನೋ ಆಯಿತು. ಮೊದಲು ಗಲ್ಲ ಅದುರಿತು, ಆಮೇಲೆ ಹೊಟ್ಟೆ. ಆಮೇಲೆ ಅವರ ಕಾಲ ಮೇಲಿದ್ದ ರಿಫಾ ದೋಣಿಯ ಹಾಗೆ ಕುಲುಕತೊಡಗಿದಳು. “ಯಾ ಅಲ್ಲಾ!” ಎಂದು ಅವರು ನಕ್ಕ ನಗುವಿಗೆ ಹಿತ್ತಿಲಿನ ಕೋಳಿಗಳು ಹಾರಿದವು. “ಪೆರ್ನಾಳ್ ಹಬ್ಬದ ಬೆಳಗ್ಗೆ ನಾನು ಸಹ ಹಾಗೇ ಸಿಸ್ಟ್ರೆ! ಬಾಯಲ್ಲಿ ದಿಕ್ರಿನ ಜಪ, ಮನಸ್ಸು ಬಿರಿಯಾನಿ ಚೆಂಬಿನಲ್ಲಿ! ಮೂವತ್ತಮೂರು ಹೇಳಬೇಕಾದಲ್ಲಿ ಎಷ್ಟು ಹೇಳಿದೆ ಅಂತ ಅಲ್ಲಾನಿಗೇ ಗೊತ್ತು!” ಕಣ್ಣೊರಸಿಕೊಂಡು ಮತ್ತೆ ನಕ್ಕರು. “ಆದರೆ ನಾನು ಓಡಿಸಿದರೆ ನನಗೆ ಮಾತ್ರ ನಷ್ಟ. ನೀವು ಓಡಿಸಿದರೆ ಏಳು ಮಕ್ಕಳಿಗೆ ಪೆಟ್ಟು. ಅಲ್ವಾ?”

ಮೆಮೊ ಓದುವಾಗ ಬಾರದ ಕಣ್ಣೀರು ಆಗ ಬಂತು. ಹೌದು ಎಂದು ತಲೆ ಆಡಿಸಿದೆ. ಮೆಮೊದ ಎರಡು ಪುಟದಲ್ಲಿ ಇಲ್ಲದ್ದು ಆ ಒಂದು ಮಾತಿನಲ್ಲಿತ್ತು. ಪ್ರಾರ್ಥನೆ ಮಾಡಿದ್ದೇನೆ ಎಂದು ಕೆಲಸದಲ್ಲಿ ರಿಯಾಯಿತಿ ಸಿಗುವುದಿಲ್ಲ. ಜಪಸರ ಹಿಡಿಯುವ ಕೈಯೇ ಐಸ್ ಪ್ಯಾಕನ್ನು ಎತ್ತಿ ಅಲ್ಲಾಡಿಸಿ ನೋಡಬೇಕು. ಆ ಅಲ್ಲಾಡಿಸುವುದೂ ಪ್ರಾರ್ಥನೆಯ ಒಂದು ಮಣಿಯೇ, ಅದನ್ನು ನಾನು ಬಿಟ್ಟು ಎಣಿಸಿದ್ದೆ.

“ನೀವು ಹೇಳದಿದ್ದರೆ ನನಗೆ ಗೊತ್ತಾಗ್ತಿತ್ತಾ?” ಎಂದು ಐಸಮ್ಮ ಕೇಳಿದರು.

“ಇಲ್ಲ.”

“ಮ್ಮ್,” ಎಂದು ಅವರು ಮಣಿಸರವನ್ನು ಮತ್ತೆ ಕೈಗೆತ್ತಿಕೊಂಡರು. ಬರುತ್ತೇವೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ನಸೀಮಾ ಗೇಟಿನವರೆಗೆ ಬಂದು, “ನಾನು ಹೇಳ್ತೇನೆ ಅಕ್ಕ,” ಎಂದು ಪಿಸುಗುಟ್ಟಿದಳು. ಒಳಗಿನಿಂದ, “ನೀನು ಎಂತದೂ ಹೇಳುದು ಬೇಡ!” ಎಂಬ ಸ್ವರ ಬಂತು.

ಮತ್ತೆ ಕೊಡುವ ಗುರುವಾರ ನಿಗದಿಯಾಯಿತು. ಅವತ್ತು ಎಂಟೂವರೆಗೆ ಕೇಂದ್ರದ ಬಾಗಿಲು ತೆಗೆದು, ಐಸ್ ಪ್ಯಾಕುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಕೂತಿದ್ದೆ. ಹೊರಗೆ ಆಟೋ ನಿಂತಿತು. ಮೊದಲು ಒಂದು ಟಿಫಿನ್ ಕ್ಯಾರಿಯರ್ ಇಳಿಯಿತು, ಆಮೇಲೆ ಐಸಮ್ಮ. ಅವರ ಹಿಂದೆ ರಿಫಾಳನ್ನು ಎತ್ತಿಕೊಂಡ ನಸೀಮಾ.

“ಲಸಿಕೆ ಹತ್ತು ಗಂಟೆಗೆ ಉಮ್ಮ,” ಎಂದೆ.

“ಗೊತ್ತುಂಟು. ನಾನು ಬಂದದ್ದು ಐಸ್ ನೋಡ್ಲಿಕ್ಕೆ.” ಮೇಜಿನ ಎದುರು ಕುರ್ಚಿ ಎಳೆದು ಕೂತರು. ತನ್ನ ಮಣಿಸರ ತೆಗೆದರು. “ನಿಮ್ಮದು ತೆಗೀರಿ. ಎಷ್ಟು ಮಣಿ?”

“ಐವತ್ತೊಂಬತ್ತು, ಎಲ್ಲ ಸೇರಿ.”

“ನನ್ನದು ತೊಂಬತ್ತೊಂಬತ್ತು. ನೋಡುವ.”

ಇಬ್ಬರೂ ಶುರು ಮಾಡಿದೆವು. ಅವರು ಅವರದ್ದು, ನಾನು ನನ್ನದು, ನಡುವೆ ನಾಲ್ಕು ಐಸ್ ಪ್ಯಾಕ್. ನಾನು ಎರಡನೆಯ ಹತ್ತರಲ್ಲಿರುವಾಗಲೇ ಅವರದ್ದು ಮುಗಿಯಿತು. ನನಗೆ ನಗು ತಡೆಯಲಾಗಲಿಲ್ಲ. “ಓಡಿಸಿದ್ದಾ ಉಮ್ಮ?”

“ಥೂ, ಇಲ್ಲ! ನಮ್ಮದು ಸಣ್ಣ ಸಣ್ಣ ಮಾತು. ನೀವು ಮಾತಾಡಬೇಡಿ, ತಪ್ಪಿಹೋಗ್ತದೆ!” ಎಂದು ಗದರಿಸಿ ಅವರು ಎರಡನೆಯ ಸುತ್ತು ಹಿಡಿದರು. ಡಾಕ್ಟರು ಒಳಗೆ ಕಾಲಿಟ್ಟವರು ನಮ್ಮಿಬ್ಬರನ್ನೂ ಐಸನ್ನೂ ನೋಡಿ, ಚಪ್ಪಲಿ ಹೊರಗೆ ಬಿಟ್ಟು ಬರಬೇಕೋ ಎಂದು ತಿಳಿಯದೆ ಅಲ್ಲೇ ನಿಂತರು. ಅದನ್ನು ಕಂಡು ನಸೀಮಾಳಿಗೆ ನಗು, ಅವಳನ್ನು ಕಂಡು ನನಗೆ. ಆ ಒಂದು ಹತ್ತನ್ನು ನಾನು ಮೊದಲಿನಿಂದ ಹೇಳಬೇಕಾಯಿತು.

ನಾನು ಮುಗಿಸಿದಾಗ ಪ್ಯಾಕುಗಳ ಮೇಲೆ ಬೆವರು ಮುತ್ತು ಮುತ್ತಾಗಿ ಇಳಿಯುತ್ತಿತ್ತು. ಆದರೂ ಒಂದೊಂದನ್ನೇ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದೆ. ಕೊನೆಯದನ್ನು ಐಸಮ್ಮ ಕೈಚಾಚಿ ತೆಗೆದುಕೊಂಡರು. ತಲೆಗೆ ಹೊದ್ದ ತಟ್ಟದ ಅಂಚು ಸರಿಸಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿದರು. “ನೀರುಂಟು,” ಎಂದರು. ನಂತರ ಆಟೋದ ಕಡೆ ತಿರುಗಿ ಗಟ್ಟಿಯಾಗಿ ಕರೆದರು. ಐದರ ಮತ್ತು ಮೂರರ ಹುಡುಗರಿಬ್ಬರು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಪೆರ್ನಾಳಿನ ಅಂಗಿ ತೊಟ್ಟವರು, ಡ್ರೈವರಿನ ಬೆನ್ನ ಹಿಂದಿನಿಂದ ಇಳಿದು ಬಂದರು.

ಮೂವರಿಗೂ ವಯಸ್ಸಿಗೆ ತಕ್ಕದ್ದನ್ನು ಕೊಟ್ಟೆ. ಜ್ವರ ಬರುತ್ತದೆ, ಬಾವು ಬರುತ್ತದೆ ಎಂದು ಪೂರಾ ಹೇಳಿಯೇ ಕೊಟ್ಟೆ. ಮೂವರೂ ಸೇರಿ ಅತ್ತ ಸದ್ದು ಕಡಬ ಪೇಟೆಗೆ ಕೇಳಿರಬೇಕು. ಉಳಿದ ಆರು ಮಕ್ಕಳೂ ಬಂದರು, ಬೈದ ಅಪ್ಪ ಸಹ ಬಂದ, ಈ ಸಲ ನಾಯಿ ಇರಲಿಲ್ಲ. ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಬೇಕೆಂಬುದು ನಿಯಮ. ಐಸಮ್ಮ ಆ ನಿಯಮವನ್ನು ಮಧ್ಯಾಹ್ನದವರೆಗೆ ಪಾಲಿಸಿದರು. ಹನ್ನೆರಡೂವರೆಗೆ ಟಿಫಿನ್ ಕ್ಯಾರಿಯರ್ ಬಿಚ್ಚಿದೆವು. ಅಕ್ಕಿ ರೊಟ್ಟಿಯಂಥ ಪತ್ತಿರಿ, ತೆಂಗಿನಹಾಲು ಹಾಕಿದ ಕೋಳಿ ಸಾರು, ಮೇಲಿನ ಡಬ್ಬದಲ್ಲಿ ಉಪ್ಪಿನಕಾಯಿ. ನಾನು ಐದು ಪತ್ತಿರಿ ತಿಂದೆ, ಭವಾನಿ ನಾಲ್ಕು. ಡಾಕ್ಟರು ಸಸ್ಯಾಹಾರಿ, ಅವರಿಗೆ ಎರಡು ಪತ್ತಿರಿ ಮತ್ತು ಸಕ್ಕರೆ. ಹುಡುಗರಿಬ್ಬರು ಒಂದೊಂದು ಕಾಲು ಚಾಚಿಕೊಂಡು ಸಾರು ನೆಕ್ಕಿದರು. ರಿಫಾ ನಸೀಮಾಳ ಮಡಿಲಲ್ಲಿ ಹಾಲು ಕುಡಿದು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳು.

ಮೊದಲು ನಿದ್ದೆ ಹೋದದ್ದು ಐಸಮ್ಮ. ಚುಚ್ಚುಮದ್ದಿನ ಕೋಣೆಯ ಬೆಂಚಿನ ಮೇಲೆ, ಗೋಡೆಗೆ ತಲೆ ಆನಿಸಿ, ಬಾಯಿ ತೆರೆದು.